ಸಾರಿನ ಫೋಟೋ ನೋಡಿ ಪುಡಿ ಅಳತೆ ಹೇಳೋದು ಹೇಗೆ?

"ಮೇಡಂ, ಪ್ಯಾಲೆಟ್ ಕಳಿಸಿದ್ದೀನಿ, ನೋಡಿ." ಪ್ಯಾಲೆಟ್ ಅಂದರೆ ಡಿಸೈನಿಗೆ ಆರಿಸಿಕೊಂಡ ಬಣ್ಣಗಳ ಪಟ್ಟಿ; ನನಗೆ ಬೇಕಾದ್ದು ಆ ಬಣ್ಣಗಳ ನಂಬರ್ ಇರುವ ಫೈಲು. ವಾಟ್ಸಾಪ್ ತೆರೆದರೆ ಒಂದು ಸ್ಕ್ರೀನ್‌ಶಾಟ್. ಎಂಟು ಬಣ್ಣದ ಚೌಕ, ಮೇಲೆ ಬ್ಯಾಟರಿ 14 ಪರ್ಸೆಂಟ್. ಬಟ್ಟೆ ಪ್ರಿಂಟಿಗೆ ಪ್ಯಾಟರ್ನ್ ಮಾಡಿಕೊಡೋದು ನನ್ನ ಕೆಲಸ. ವಾರಕ್ಕೊಂದಾದರೂ ಇಂಥದ್ದು ಬರುತ್ತದೆ. ಸಾರಿನ ಫೋಟೋ ಕಳಿಸಿ, ಪುಡಿ ಎಷ್ಟು ಹಾಕಿದ್ದೆ ಹೇಳಿ ಅಂದ ಹಾಗೆ.

ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಒಂದೇ ಕೆಂಪು ಚೌಕದ ನಡುವೆ ಐಡ್ರಾಪರ್ (ಬಣ್ಣದ ನಂಬರ್ ಓದುವ ಟೂಲ್) ಇಟ್ಟರೆ ಒಂದು ನಂಬರ್, ಅಂಚಿನಲ್ಲಿ ಇಟ್ಟರೆ ಇನ್ನೊಂದು. ನಾನು ಯಾವುದನ್ನು ನಂಬಲಿ?

ಅದಕ್ಕಿಂತ ಜಾಸ್ತಿ ಎಡವಟ್ಟಾಗೋದು ಬೇರೆ ಕಡೆ. ಹುಬ್ಬಳ್ಳಿಯಲ್ಲಿ ಬೂಟಿಕ್ ಇಟ್ಟಿರುವ ಒಬ್ಬರು ಅಜ್ಜಿಯ ಇಳಕಲ್ ಸೀರೆ ಮುಂದಿಟ್ಟುಕೊಂಡು, ಇಲಸ್ಟ್ರೇಟರ್ ಅನ್ನೋ ಡಿಸೈನ್ ಸಾಫ್ಟ್‌ವೇರಿನಲ್ಲಿ ತಾವೇ ಬಣ್ಣ ಮಾಡಿಕೊಂಡಿದ್ದರು. ಗಿರಿ ಕುಂಕುಮ, ದಾಳಿಂಬೆ, ನವಿಲು ಹಸಿರು ಅಂತ ಒಂದೊಂದಕ್ಕೂ ಹೆಸರು. ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ಕುರ್ತಾ ಡಿಸೈನ್ ಮುಗಿಸಿ ಸೇವ್ ಮಾಡಿದರು. ದುಪಟ್ಟಾಗೆ ಹೊಸ ಫೈಲ್ ತೆರೆದರು. ಉಳಿಸಿಕೊಂಡ ಬಣ್ಣಗಳನ್ನು, ಅಂದರೆ ಸ್ವಾಚ್‌ಗಳನ್ನು, ತೋರಿಸುವ ಸ್ವಾಚಸ್ ಪ್ಯಾನೆಲ್‌ನಲ್ಲಿ ಅವರ ಬಣ್ಣ ಒಂದೂ ಇಲ್ಲ. ರಾತ್ರಿ ಹತ್ತಕ್ಕೆ ಫೋನು: "ಎಲ್ಲಾ ಬಣ್ಣ ಹೋದ್ವು ನೋಡ್ರಿ ಮೇಡಂ!"

ಎಲ್ಲೂ ಹೋಗಿರಲಿಲ್ಲ. ಇಲಸ್ಟ್ರೇಟರಿನಲ್ಲಿ ನೀವು ಮಾಡಿಕೊಂಡ ಸ್ವಾಚ್‌ಗಳು ಆ ಒಂದು ಫೈಲಿನೊಳಗೇ ಇರುತ್ತವೆ. ಹೊಸ ಫೈಲಿಗೆ ಅವು ಗೊತ್ತೇ ಇಲ್ಲ. ಫೋಟೋಶಾಪ್ ಇದಕ್ಕೆ ತಿರುಗಾಮುರುಗಾ. ಅಲ್ಲಿ ಸ್ವಾಚ್‌ಗಳು ಇರೋದು ನಿಮ್ಮ ಕಂಪ್ಯೂಟರಿನ ಫೋಟೋಶಾಪಿನಲ್ಲಿ, ಫೈಲಿನಲ್ಲಲ್ಲ. ಪಿಎಸ್‌ಡಿ, ಅಂದರೆ ಫೋಟೋಶಾಪಿನ ಫೈಲು, ಕಳಿಸಿದರೆ ಚಿತ್ರ ನನಗೆ ಬರುತ್ತದೆ, ಪ್ಯಾಲೆಟ್ ನಿಮ್ಮ ಮನೆಯಲ್ಲೇ ಉಳಿಯುತ್ತದೆ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಡಿಸೈನ್ ಸೇವ್ ಮಾಡೋದು ಬೇರೆ, ಪ್ಯಾಲೆಟ್ ಸೇವ್ ಮಾಡೋದು ಬೇರೆ. ಎರಡು ಕೆಲಸ, ಎರಡು ಫೈಲು.

ಪಾಪ, ಅವರು ಫೋನ್ ಮಾಡುವ ಮೊದಲೇ ಕಣ್ಣಂದಾಜಿನಲ್ಲಿ ಬಣ್ಣ ಮತ್ತೆ ಕೂಡಿಸಿ, ದುಪಟ್ಟಾ ಪ್ರಿಂಟಿಗೂ ಕೊಟ್ಟುಬಿಟ್ಟಿದ್ದರು. ಬಂದಾಗ ಕುರ್ತಾದ್ದು ಒಂದು ಕೆಂಪು, ದುಪಟ್ಟಾದ್ದು ಇನ್ನೊಂದು. "ಎರಡೂ ಕೆಂಪ ಅದಾವಲ್ರಿ" ಅಂದರು. ಅಜ್ಜಿ ಒಪ್ಪುತ್ತಿದ್ದರಾ?

ಮಾಡಬೇಕಾದ್ದು ಒಂದು ನಿಮಿಷದ ಕೆಲಸ. ಇಲಸ್ಟ್ರೇಟರಿನ ಸ್ವಾಚಸ್ ಪ್ಯಾನೆಲ್ ಮೆನುವಿನಲ್ಲಿ 'ಸೇವ್ ಸ್ವಾಚ್ ಲೈಬ್ರರಿ ಆಸ್ ಎಎಸ್‌ಇ' ಇದೆ. ಎಎಸ್‌ಇ ಅಂದರೆ ಪ್ಯಾಲೆಟ್ ಮಾತ್ರ ಇರುವ ಫೈಲು. ಅದನ್ನು ಫೋಟೋಶಾಪ್, ಇನ್‌ಡಿಸೈನ್ ಕೂಡ ಓದುತ್ತವೆ. ಒಂದು ಎಚ್ಚರಿಕೆ: ಎಎಸ್‌ಇ ಒಯ್ಯೋದು ಸಾದಾ ಬಣ್ಣಗಳನ್ನು ಮಾತ್ರ. ಗ್ರೇಡಿಯಂಟ್ (ಒಂದು ಬಣ್ಣ ಇನ್ನೊಂದಕ್ಕೆ ಕರಗೋದು), ಪ್ಯಾಟರ್ನ್ ಸ್ವಾಚ್ ಅದರಲ್ಲಿ ಬರಲ್ಲ. ಅವೂ ಬೇಕಾದರೆ ಲೈಬ್ರರಿಯನ್ನು ಎಐ (ಇಲಸ್ಟ್ರೇಟರಿನದೇ ಫೈಲು) ಆಗಿ ಉಳಿಸಿ.

ಜಿಂಪ್, ಇಂಕ್‌ಸ್ಕೇಪ್ ಅನ್ನೋ ಉಚಿತ ಸಾಫ್ಟ್‌ವೇರ್ ಬಳಸುವವರ ಜಿಪಿಎಲ್ ಪ್ಯಾಲೆಟ್ ಫೈಲ್ ನನಗೆ ಬಹಳ ಇಷ್ಟ. ಅದು ಸುಮ್ನೆ ಅಕ್ಷರದ ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾಲಿಗೊಂದು ಬಣ್ಣ: 0ಯಿಂದ 255ರೊಳಗಿನ ಮೂರು ಸಂಖ್ಯೆ, ಪಕ್ಕದಲ್ಲಿ ಹೆಸರು. ಅಂಗಡಿ ಚೀಟಿ ಓದಿದ ಹಾಗೆ ಓದಬಹುದು.

ಯಾವುದೇ ಇರಲಿ, ವಾಟ್ಸಾಪಿನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಬಣ್ಣದ ನಂಬರ್ ಆರ್‌ಜಿಬಿಯೋ (ಪರದೆಯ ಲೆಕ್ಕ) ಸಿಎಂವೈಕೆಯೋ (ಪ್ರಿಂಟ್ ಇಂಕಿನ ಲೆಕ್ಕ) ಅಂತ ಒಂದು ಮಾತು ಬರೆಯಿರಿ. ಆರ್‌ಜಿಬಿಯಿಂದ ಸಿಎಂವೈಕೆಗೆ ಬದಲಾಯಿಸಿದರೆ ಹೊಳೆಯುವ ಬಣ್ಣಗಳು ಮಂಕಾಗೋದುಂಟು.

ಫೈಲ್ ಸರಿ ಇದ್ದರೆ ಬಟ್ಟೆಯ ಮೇಲೂ ಅದೇ ಕೆಂಪು ಬರುತ್ತದಾ? ಮಾತು ಕೊಡಲಾರೆ. ಹತ್ತಿಯ ಮೇಲೆ ಒಂದು ತರಹ, ಜಾರ್ಜೆಟ್ ಮೇಲೆ ಇನ್ನೊಂದು ತರಹ. ಮಷೀನು, ಇಂಕು ಬದಲಾದರೂ ಅಷ್ಟೇ. ಅರ್ಧ ಮೀಟರ್ ಪರೀಕ್ಷೆಗೆ ಪ್ರಿಂಟ್ ಹಾಕಿಸಿ, ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ಆರ್ಡರ್ ಕೊಡಿ. ಇಬ್ಬರ ಹತ್ತಿರವೂ ಬಣ್ಣದ ನಂಬರ್ ಒಂದೇ ಆಗಿದ್ದರೆ, ತಪ್ಪು ಬಂದಾಗ ಅದು ಪ್ರಿಂಟಿನದ್ದು ಅಂತಲಾದರೂ ಗೊತ್ತಾಗುತ್ತದೆ.

ಹುಬ್ಬಳ್ಳಿಯವರು ಈಗ ಎಎಸ್‌ಇ ಫೈಲನ್ನೇ ಕಳಿಸುತ್ತಾರೆ. ಮೊನ್ನೆ ಬಂದದ್ದರ ಹೆಸರು 'ಅಜ್ಜಿ ಸೀರೆ ಫೈನಲ್ ಫೈನಲ್ 3'. ಅದರ ಹಿಂದೆಯೇ 'ಅಜ್ಜಿ ಸೀರೆ ಹೊಸದು ಫೈನಲ್'. ಯಾವುದು ಕೊನೆಯದು ಅಂತ ಫೋನ್ ಮಾಡಿ ಕೇಳಿದೆ. "ತಡೀರಿ, ನೋಡಿ ಹೇಳ್ತೀನಿ" ಅಂದರು.