ಬರಿ ಫೋಮ್‌ನ ಗ್ರಾಫ್ ಎಲ್ಲಿ?

ಮೈಸೂರಿನ ನಮ್ಮ ಲ್ಯಾಬಿಗೆ ಸೂಪರ್‌ಕೆಪಾಸಿಟರ್ (ಬೇಗ ಚಾರ್ಜ್ ಆಗಿ ಬೇಗ ಬಿಡುವ ಸಾಧನ) ಪ್ರಾಜೆಕ್ಟ್ ಹಿಡಿದು ಬರುವ ಮಕ್ಕಳನ್ನು ನಾನು ಮೊದಲು ಕೇಳುವುದು ಇದನ್ನೇ: ಬರಿ ನಿಕ್ಕಲ್ ಫೋಮ್‌ನ ಸಿವಿ ಗ್ರಾಫ್, ಅಂದರೆ ವೋಲ್ಟೇಜ್ ಏರಿಸಿ ಇಳಿಸುತ್ತಾ ಕರೆಂಟ್ ಅಳೆದ ಗ್ರಾಫ್, ತಂದಿದ್ದೀರಾ? ಹೆಚ್ಚಿನವರು ತಂದಿರುವುದಿಲ್ಲ. ಕೇಳಿ ಕೇಳಿ ಸಾಕಾಗಿದೆ.

ಪರೀಕ್ಷಿಸಬೇಕಾದ ಪುಡಿಯನ್ನು ಸ್ಪಂಜಿನಂಥ ಈ ನಿಕ್ಕಲ್ ಫೋಮ್ ಮೇಲೆ ಬಳಿಯುತ್ತಾರೆ. ಫೋಮ್ ಅಂದರೆ ಸುಮ್ನೆ ಕರೆಂಟ್ ಸಾಗಿಸುವ ಜಾಲರಿ ಅಂದುಕೊಂಡಿರುತ್ತಾರೆ. ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣಕ್ಕೆ ಇಳಿದ ಮೇಲೆ ಅದು ಸುಮ್ಮನಿರುವುದಿಲ್ಲ. ಮೇಲ್ಮೈಯ ನಿಕ್ಕಲ್ ಹೈಡ್ರಾಕ್ಸೈಡ್ ಆಗುತ್ತದೆ, ವೋಲ್ಟೇಜ್ ಏರಿಸಿದರೆ ಅದೇ ಆಕ್ಸಿ-ಹೈಡ್ರಾಕ್ಸೈಡ್ ಆಗುತ್ತದೆ, ಇಳಿಸಿದರೆ ಮತ್ತೆ ವಾಪಸ್. ಎಡಿಸನ್‌ನ ನಿಕ್ಕಲ್-ಕಬ್ಬಿಣದ ಬ್ಯಾಟರಿಯಲ್ಲಿ ಪಾಸಿಟಿವ್ ಕಡೆ ನಡೆಯುವುದೂ ಇದೇ. ಹಾಗಿದ್ದಮೇಲೆ ನಿಮ್ಮ ಗ್ರಾಫಿನಲ್ಲಿ ಕಂಡ ಚಾರ್ಜ್ ಪುಡಿಯದೋ, ಫೋಮ್‌ನದೋ?

ಲೆಕ್ಕ ಹಾಕಿ ನೋಡಿ. ಪುಡಿ ಬಳಿದಿರುವುದು 1 ಮಿಲಿಗ್ರಾಂ. ಬರಿ ಫೋಮ್ 0.1 ಫ್ಯಾರಡ್‌ನಷ್ಟು (ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ) ಕೊಡುತ್ತದೆ ಅಂದುಕೊಳ್ಳಿ. ಅದನ್ನೂ ಸೇರಿಸಿ ಪುಡಿಯ ತೂಕದಿಂದ ಭಾಗಿಸಿದರೆ ಗ್ರಾಂಗೆ 100 ಫ್ಯಾರಡ್ ಪುಕ್ಕಟೆ ಬಂತು. ಇಷ್ಟು ಕಮ್ಮಿ ಪುಡಿಯಲ್ಲಿ ತಕ್ಕಡಿ 0.1 ಮಿಲಿಗ್ರಾಂ ಆಚೀಚೆ ಆದರೂ ಶೇ 10ರಷ್ಟು ತಪ್ಪು, ಅದು ಬೇರೆ. ಡೈರಿಯಲ್ಲಿ ಕ್ಯಾನಿನ ತೂಕ ಕಳೆಯದೆ ಹಾಲಿಗೆ ದುಡ್ಡು ಕೊಡ್ತಾರಾ?

ಮಂಡ್ಯ ಕಡೆಯ ಹುಡುಗಿಯೊಬ್ಬಳು ಆಲೆಮನೆಯಿಂದ ಕಬ್ಬಿನ ಸಿಪ್ಪೆ ತಂದು, ಗಾಳಿ ಆಡದಂತೆ ಕಾಯಿಸಿ, ತೊಳೆದು, ಬಹಳ ಅಚ್ಚುಕಟ್ಟಾಗಿ ಕಾರ್ಬನ್ ಮಾಡಿದ್ದಳು. ಆದರೆ ಗ್ರಾಫಿನಲ್ಲಿ 0.4 ವೋಲ್ಟ್ ಆಸುಪಾಸು ಚೂಪಾದ ಪೀಕ್‌ಗಳು. ಇಂಥ ಕಾರ್ಬನ್‌ಗೆ ಹೆಚ್ಚುಕಡಿಮೆ ಆಯತದ ಆಕಾರ ಬರಬೇಕು. "ಸರ್, ಪೀಕ್ ಬಂದ್ರೆ ಒಳ್ಳೇದಲ್ವಾ?" ಅಂದಳು. ಕಾರ್ಬನ್ ಮೇಲಿನ ಆಕ್ಸಿಜನ್ ಗುಂಪುಗಳಿಂದಲೂ ಸಣ್ಣ ಉಬ್ಬು ಬರಬಹುದು, ಹಾಗಾಗಿ ಒಂದು ಗ್ರಾಫ್ ನೋಡಿ ತೀರ್ಪು ಹೇಳಲಾರೆ. ಅದೇ ಪುಡಿಯನ್ನು ನಿಕ್ಕಲ್ ಇಲ್ಲದ ಕಾರ್ಬನ್ ಪೇಪರ್ (ನಕಲು ತೆಗೆಯುವುದಲ್ಲ, ಕಾರ್ಬನ್ ನಾರಿನ ಹಾಳೆ) ಮೇಲೆ ಬಳಿದು ಗ್ರಾಫ್ ತೆಗೆಯಲು ಹೇಳಿದೆ. ಪೀಕ್ ಹೋಯಿತು, ಆಯತ ಬಂತು. ಸಂಖ್ಯೆ ಇಳಿಯಿತು ಅಂತ ಪಾಪ ಅವಳಿಗೆ ಬೇಜಾರು. ನನಗಂತೂ ಖುಷಿ, ಯಾಕೆಂದರೆ ಈ ಸಲ ಬಂದದ್ದು ಅವಳ ಕಾರ್ಬನ್‌ನದೇ ಸಂಖ್ಯೆ.

ಬರಿ ಫೋಮ್‌ನದನ್ನು ಕಳೆದುಬಿಟ್ಟರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಪೂರ್ತಿ ಸಾಕಾಗಲ್ಲ. ಪುಡಿ ಬಳಿದ ಫೋಮ್‌ನಲ್ಲಿ ದ್ರಾವಣಕ್ಕೆ ಎಷ್ಟು ನಿಕ್ಕಲ್ ಸಿಗುತ್ತದೆ ಅನ್ನುವುದು ಬೇರೆಯೇ. ಆದರೂ ಅಷ್ಟೇ ಅಗಲದ ತುಂಡನ್ನು ಅದೇ ಓವನ್‌ನಲ್ಲಿ ಒಣಗಿಸಿ, ಅದೇ ಕೆಒಎಚ್‌ನಲ್ಲಿ ಅಷ್ಟೇ ಮುಳುಗಿಸಿ, ಅದೇ ಸ್ಕ್ಯಾನ್ ವೇಗದಲ್ಲಿ (ವೋಲ್ಟೇಜ್ ಏರಿಳಿಸುವ ವೇಗ) ತೆಗೆದು, ಎರಡೂ ಗ್ರಾಫನ್ನು ಒಂದೇ ಚಿತ್ರದಲ್ಲಿ ಹಾಕಿ. ಪುಡಿ ಕಾರ್ಬನ್ ಆಗಿದ್ದರೆ ಫೋಮ್ ಬಿಟ್ಟು ಕಾರ್ಬನ್ ಪೇಪರೋ ಗ್ರಾಫೈಟ್ ಹಾಳೆಯೋ ಬಳಸಿ. ಅದರದ್ದೂ ಬರಿ ಗ್ರಾಫ್ ಬೇಕು.