ಗ್ಯಾಸ್ ಗುಳಿಗೆ: ಊಟಕ್ಕೆ ಮೊದಲೇ ಏಕೆ?

ರಾಯಚೂರು ಕಡೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಎಲ್ಲಕ್ಕೂ ‘ಗ್ಯಾಸ್ ಗುಳಿಗಿ’ ಎಂದೇ ಹೆಸರು. ಗ್ಯಾಸಿಗೂ ಅದಕ್ಕೂ ಸಂಬಂಧವಿಲ್ಲ, ಅದು ಆಮ್ಲ ತಡೆಯುವ ಗುಳಿಗೆ. ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಎದೆ ಉರಿದ ಮೇಲೆ ನುಂಗಿ, ‘ಗುಣ ಆಗ್ಲಿಲ್ರೀ’ ಎಂದರೆ ತಪ್ಪು ಗುಳಿಗೆಯದಲ್ಲ, ಹೊತ್ತಿನದು.

ಆಮ್ಲ ಸುರಿಸುವುದು ಜಠರದ ಗೋಡೆಯ ಪರೈಟಲ್ ಕೋಶ. ಅದರ ಪಂಪ್ ಒಂದು ಪ್ರೋಟೀನ್. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅಣುವನ್ನು ಒಡೆದು, ಆಮ್ಲತೆಗೆ ಕಾರಣವಾದ ಹೈಡ್ರೋಜನ್ ಅಯಾನನ್ನು ಹೊರಗೆ ತಳ್ಳುತ್ತದೆ, ಬದಲಿಗೆ ಪೊಟ್ಯಾಸಿಯಂ ಒಳಗೆಳೆಯುತ್ತದೆ. ಹೊಟ್ಟೆ ಖಾಲಿಯಿದ್ದಾಗ ಬಹುಪಾಲು ಪಂಪುಗಳು ಕೋಶದೊಳಗಿನ ಸಣ್ಣ ಕೊಳವೆಯಂಥ ಚೀಲಗಳ ಪೊರೆಯಲ್ಲಿ ಸುಮ್ಮನಿರುತ್ತವೆ. ಆ ಪೊರೆಯಲ್ಲಿ ಪೊಟ್ಯಾಸಿಯಂ ದಾಟುವ ದಾರಿಯಿಲ್ಲ, ಹಾಗಾಗಿ ಪಂಪ್ ಇದ್ದರೂ ಓಡದು.

ತುತ್ತು ಬಾಯಿಗಿಡುವ ಹೊತ್ತಿಗೆ ಹಿಸ್ಟಮಿನ್, ಗ್ಯಾಸ್ಟ್ರಿನ್, ಅಸಿಟೈಲ್‌ಕೋಲಿನ್‌ಗಳೆಂಬ ರಾಸಾಯನಿಕಗಳ ಕರೆ ಬರುತ್ತದೆ. ಹಿಸ್ಟಮಿನ್ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶ ಒಯ್ಯುವ ಅಣುವನ್ನು ಏರಿಸಿದರೆ, ಅಸಿಟೈಲ್‌ಕೋಲಿನ್ ಕ್ಯಾಲ್ಸಿಯಂ ಏರಿಸುತ್ತದೆ. ಚೀಲಗಳು ಮೇಲ್ಪೊರೆಯತ್ತ ಸರಿಯುತ್ತವೆ. ರ‍್ಯಾಬ್11 ಎಂಬ ಪ್ರೋಟೀನ್ ದಾರಿ ತೋರಿಸುತ್ತದೆ, ಸ್ನೇರ್ ಪ್ರೋಟೀನುಗಳು ಜಡೆ ಹೆಣೆದಂತೆ ಎರಡೂ ಪೊರೆಗಳನ್ನು ಎಳೆದು ಬೆಸೆಯುತ್ತವೆ. ಪಂಪುಗಳು ಈಗ ಕೋಶದ ಸಣ್ಣ ಕಾಲುವೆಯ ಅಂಚಿಗೆ ಬಂದವು. ಎಜ್ರಿನ್ ಎಂಬ ಪ್ರೋಟೀನ್ ಕೋಶದ ಹಂದರವಾದ ಆಕ್ಟಿನ್ ಎಳೆಗಳನ್ನು ಹಿಡಿದು ಅಲ್ಲಿನ ಕುಚ್ಚುಗಳನ್ನು ಉದ್ದ ಮಾಡುತ್ತದೆ, ಪೊರೆ ಹಲವು ಪಟ್ಟು ಹಿಗ್ಗುತ್ತದೆ. ಅಲ್ಲಿ ಪೊಟ್ಯಾಸಿಯಂ, ಕ್ಲೋರೈಡ್ ಹೊರಬಿಡುವ ದಾರಿಗಳಿವೆ, ಪಂಪ್ ಓಡುತ್ತದೆ. ಪಿಎಚ್ ಎಂದರೆ ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ. ರಕ್ತದ ಪಿಎಚ್ 7.4, ಇಲ್ಲಿ ಸುಮಾರು 1: ಹೈಡ್ರೋಜನ್ ಅಯಾನು 10 ಲಕ್ಷ ಪಟ್ಟಿಗೂ ಹೆಚ್ಚು.

ಊಟ ಮುಗಿದರೆ ಪಂಪುಗಳು ಮತ್ತೆ ಒಳಗೆ. ಪಂಪಿನ ಬೀಟಾ ಭಾಗದ ಬಾಲದಲ್ಲಿರುವ ಟೈರೋಸಿನ್ ಎಂಬ ಒಂದು ಅಮೈನೋ ಆಮ್ಲ (ಪ್ರೋಟೀನಿನ ಘಟಕ) ಇದಕ್ಕೆ ಗುರುತು. ಅದನ್ನು ಬದಲಿಸಿದ ಇಲಿಗಳಲ್ಲಿ ಪಂಪ್ ಹಿಂದೆ ಸರಿಯದೆ, ಆಮ್ಲ ಸುರಿಯುತ್ತಲೇ ಇತ್ತು.

ಗುಳಿಗೆ ರಕ್ತದ ಮೂಲಕ ಬಂದು, ಆಮ್ಲವಿರುವ ಕಾಲುವೆಯಲ್ಲಿ ಮಾತ್ರ ಚುರುಕಾಗಿ ಪಂಪಿನ 813ನೇ ಅಮೈನೋ ಆಮ್ಲವಾದ ಸಿಸ್ಟೀನ್‌ಗೆ ಅಂಟುತ್ತದೆ. ಒಳಗೆ ಅಡಗಿದ ಪಂಪ್ ಅದಕ್ಕೆ ಸಿಗದು. ಔಷಧ ರಕ್ತದಲ್ಲಿರುವುದೂ ಕೆಲವೇ ಗಂಟೆ. ಅದಕ್ಕೇ ಊಟಕ್ಕೆ 30ರಿಂದ 60 ನಿಮಿಷ ಮೊದಲು. ಮೊದಲ ದಿನ ಎಲ್ಲ ಪಂಪುಗಳೂ ಸಿಗುವುದಿಲ್ಲ, ಪೂರ್ಣ ಪರಿಣಾಮಕ್ಕೆ 3–4 ದಿನ ಬೇಕು. ಕೂಡಲೇ ಉರಿ ತಗ್ಗಬೇಕಾದರೆ ಆಂಟಾಸಿಡ್ ಸಿರಪ್ಪೇ ಸರಿ. ಗುಳಿಗೆ ಪುಡಿ ಮಾಡಬೇಡಿ, ಮೇಲಿನ ಲೇಪ ಹೋದರೆ ಔಷಧ ಜಠರದಲ್ಲೇ ಕೆಡುತ್ತದೆ.

ನಸುಕಿಗೆ ಬರಿ ಚಹಾ ಕುಡಿದು ಹೊಲಕ್ಕೆ ಹೋಗಿ, 10 ಗಂಟೆಗೆ ರೊಟ್ಟಿ ಬುತ್ತಿ ಬಿಚ್ಚುವವರು 6ಕ್ಕೆ ನುಂಗಿದರೆ ಅರ್ಧ ವ್ಯರ್ಥ. ಗುಳಿಗೆಯೂ ಬುತ್ತಿಯ ಜೊತೆಗೇ ಹೋಗಲಿ, 9:30ಕ್ಕೆ ನುಂಗಿ.