ಜಾಮೀನು ಮಂಜೂರಾಗಿಯೂ ಬಿಡುಗಡೆಯಾಗದಿದ್ದಾಗ

ಜಾಮೀನು ಮಂಜೂರಾದರೂ ಮಗನೋ ತಮ್ಮನೋ ಜೈಲಿನಲ್ಲೇ ಉಳಿದಾಗ ಹೆಚ್ಚಿನ ಮನೆಯವರು ಮೊದಲು ಮಾಡುವುದು ಚಿನ್ನ ಅಡವಿಡುವ ಯೋಚನೆ. ಆದೇಶದಲ್ಲಿರುವ ಮೊತ್ತವನ್ನೆಲ್ಲ ನ್ಯಾಯಾಲಯದಲ್ಲಿ ಕಟ್ಟಬೇಕೆಂಬ ತಪ್ಪು ತಿಳಿವಳಿಕೆಯೇ ಈ ಅವಸರಕ್ಕೆ ಕಾರಣವೆಂಬುದನ್ನು ಕಾಸರಗೋಡಿನ ವಕೀಲಿ ವೃತ್ತಿಯಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದೇನೆ. ‘50,000 ರೂಪಾಯಿಯ ಮುಚ್ಚಳಿಕೆ ಮತ್ತು ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು’ ಎಂದರೆ, ಆರೋಪಿ ವಿಚಾರಣೆಗೆ ಬಾರದೆ ತಪ್ಪಿಸಿಕೊಂಡಲ್ಲಿ ಅಷ್ಟು ಹಣಕ್ಕೆ ತಾವು ಹೊಣೆಯೆಂದು ಬರೆದುಕೊಡುವುದು, ಮತ್ತು ಆ ಶಕ್ತಿ ತಮಗಿದೆಯೆಂದು ಜಾಮೀನುದಾರರು ಜಾಗದ ತೀರ್ವೆ (ಭೂಕಂದಾಯ) ರಶೀದಿಯಂಥ ದಾಖಲೆಗಳಿಂದ ತೋರಿಸುವುದು. ನಗದು ಠೇವಣಿ ಬೇಕೆಂದಿದ್ದರೆ ಆದೇಶದಲ್ಲಿ ಅದನ್ನು ಬೇರೆಯಾಗಿಯೇ ಹೇಳಿರುತ್ತಾರೆ.

ಆದರೆ ಐದು ಸೆಂಟ್ ಜಾಗದಲ್ಲಿ ಬೀಡಿ ಕಟ್ಟಿ ಬದುಕುವ ಮನೆಗೆ, ಅಂಥ ಆಸ್ತಿಯಿರುವ ಇಬ್ಬರನ್ನು ಒಪ್ಪಿಸಿ ಕರೆತರುವುದೂ ಸುಲಭವಲ್ಲ. ಮುಚ್ಚಳಿಕೆಯ ಮೊತ್ತವು ಪ್ರಕರಣದ ಸಂದರ್ಭಗಳಿಗೆ ತಕ್ಕಂತಿರಬೇಕು, ವಿಪರೀತವಾಗಿರಕೂಡದು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 484ನೇ ಕಲಮು ಹೇಳುತ್ತದೆ. 2024ರ ಜುಲೈ 1ಕ್ಕೆ ಮೊದಲು ಇದೇ ಮಾತು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 440ನೇ ಕಲಮಿನಲ್ಲಿತ್ತು. ಮ್ಯಾಜಿಸ್ಟ್ರೇಟರು ವಿಧಿಸಿದ ಮೊತ್ತವನ್ನು ಇಳಿಸುವ ಅಧಿಕಾರವನ್ನು ಈ ಕಲಮು ಸೆಷನ್ಸ್ ನ್ಯಾಯಾಲಯಕ್ಕೂ ಹೈಕೋರ್ಟಿಗೂ ಕೊಟ್ಟಿದೆ.

ಮೊತ್ತ ಇಳಿಸಲು ಕೋರುವ ಅರ್ಜಿಯಲ್ಲಿ ಬಡತನವೊಂದನ್ನೇ ಹೇಳಿಕೊಂಡರೆ ಸಾಲದು. ಆರೋಪಿ ಓಡಿಹೋದಾನೆಂಬ ಶಂಕೆಯಿಂದ ಮೊತ್ತ ಏರಿರುತ್ತದೆಯಾದ್ದರಿಂದ ಆ ಶಂಕೆಗೂ ಉತ್ತರವಿರಬೇಕು. ವಿಲೇಜ್ ಆಫೀಸಿನ ಆದಾಯ ಪ್ರಮಾಣಪತ್ರ, ಗುಲಾಬಿ ರೇಷನ್ ಕಾರ್ಡು, ಸಹಕಾರಿ ಬ್ಯಾಂಕಿನ ಸಾಲದ ಪತ್ರ ಇವು ಕೈಯಲ್ಲಿ ಹಣವಿಲ್ಲವೆಂಬುದನ್ನು ತೋರಿಸಿದರೆ, ಶಾಲೆಗೆ ಹೋಗುವ ಮಕ್ಕಳು, ಹಾಸಿಗೆ ಹಿಡಿದ ತಾಯಿ, ಹಿಂದಿನ ಪ್ರಕರಣದಲ್ಲಿ ತಪ್ಪದೆ ಹಾಜರಾದ ದಾಖಲೆ ಇವು ಆತ ಊರು ಬಿಡುವವನಲ್ಲವೆಂಬುದನ್ನು ತೋರಿಸುತ್ತವೆ. ಗಲ್ಫಿನ ನಂಟಿರುವ ಮನೆಗಳೇ ಹೆಚ್ಚಿರುವ ನಮ್ಮಲ್ಲಿ, ಪಾಸ್‌ಪೋರ್ಟನ್ನು ನ್ಯಾಯಾಲಯಕ್ಕೆ ಒಪ್ಪಿಸುತ್ತೇವೆ, ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕುತ್ತಾನೆ ಎಂದು ನಾವಾಗಿಯೇ ಮುಂದಿಟ್ಟಾಗ ವಾದಕ್ಕೆ ತೂಕ ಬರುತ್ತದೆ. ಜಾಮೀನು ಆದೇಶದ ತಾರೀಕು ಮತ್ತು ಆ ಬಳಿಕ ಜೈಲಿನಲ್ಲಿ ಕಳೆದ ದಿನಗಳ ಲೆಕ್ಕ ಅರ್ಜಿಯ ಮೊದಲ ಪುಟದಲ್ಲೇ ಇರಲಿ.

ಗಡಿಯವರಿಗೆ ಇನ್ನೊಂದು ತೊಡಕಿದೆ. ಮಂಜೇಶ್ವರದ ಹುಡುಗನ ಮೇಲೆ ಮಂಗಳೂರಿನಲ್ಲಿ ಪ್ರಕರಣ ದಾಖಲಾದರೆ ಅಲ್ಲಿ ಜಾಮೀನುದಾರರಿಂದ ಆರ್‌ಟಿಸಿ (ಕರ್ನಾಟಕದ ಜಮೀನಿನ ಪಹಣಿ) ಕೇಳುವುದು ರೂಢಿ; ತಲಪಾಡಿಯಿಂದ ಈಚೆಗೆ ಆರ್‌ಟಿಸಿ ಎಂಬುದೇ ಇಲ್ಲ, ನಮ್ಮವರಲ್ಲಿರುವುದು ಮಲಯಾಳದಲ್ಲಿ ಮುದ್ರಿತವಾದ ತೀರ್ವೆ ರಶೀದಿ. ಅದರ ಕನ್ನಡ ಅನುವಾದವನ್ನು ಜೊತೆಗಿಡುವುದರೊಂದಿಗೆ, 1978ರ ಮೋತಿರಾಮ್ ಪ್ರಕರಣದ ತೀರ್ಪನ್ನೂ ತೋರಿಸಬೇಕು. ಗಾರೆ ಕೆಲಸದ ಬಡವನೊಬ್ಬನಿಗೆ 10,000 ರೂಪಾಯಿಯ ಜಾಮೀನು ವಿಧಿಸಿ, ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅವನ ಅಣ್ಣತಮ್ಮನ ಹೊಣೆಗಾರಿಕೆಯನ್ನು ನಿರಾಕರಿಸಿದ್ದ ಪ್ರಕರಣವದು. ಹಿಂದೆ ತಲಶ್ಶೇರಿಯಲ್ಲಿ ವಕೀಲರಾಗಿದ್ದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಆದೇಶಿಸಿದರಲ್ಲದೆ, ದೂರದ ಊರಿನಲ್ಲಿ ಬಂಧಿತನಾದ ಮಲಯಾಳಿಯೋ ಕನ್ನಡಿಗನೋ ಅಲ್ಲಿನ ಜಾಮೀನುದಾರರನ್ನು ಎಲ್ಲಿಂದ ತಂದಾನೆಂದು ಕೇಳಿದರು. ಸ್ಥಳೀಯ ಜಾಮೀನುದಾರರೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುವಲ್ಲಿ ಆ ಷರತ್ತು ಬೇಡವೆಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಮತ್ತೆ ಸೂಚಿಸಿದೆ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾರೂ ಸುಮ್ಮನಿರಬಾರದು. ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿಕೊಳ್ಳಬೇಕು. 2023ರ ಅದೇ ಆದೇಶದ ಪ್ರಕಾರ, ಜಾಮೀನಾಗಿ 7 ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಈ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಲ್ಲಿ ಮುಚ್ಚಳಿಕೆ ಸಲ್ಲಿಕೆಯಾಗದಿದ್ದರೆ ನ್ಯಾಯಾಲಯವೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಆದರೂ ಆ ತಿಂಗಳು ಮುಗಿಯಲೆಂದು ಕಾಯದೆ, ಆದೇಶದ ಪ್ರತಿ ಕೈಸೇರಿದ ವಾರದಲ್ಲೇ ಅರ್ಜಿ ಹಾಕಿಸಿ.